ಪನ್ನೀರು ಇಳಿಸೋಕೆ ಮೊದಲ ಸಾಮಾನು

ಮನೆಯಲ್ಲೇ ಪನ್ನೀರು, ಮಜ್ಜಿಗೆಹುಲ್ಲಿನ (ಲೆಮನ್‌ಗ್ರಾಸ್) ಎಣ್ಣೆ ಇಳಿಸಬೇಕು ಅನ್ನೋರಿಗೆ ಒಂದು ಮಾತು. (ಸಾರಾಯಿ ಭಟ್ಟಿ ಬಗ್ಗೆ ಮಾತ್ರ ಕೇಳಬೇಡಿ. ಲೈಸೆನ್ಸ್ ಇಲ್ಲದೆ ಇಳಿಸಿದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ.)

ಆನ್‌ಲೈನಲ್ಲಿ ಥಳಥಳ ಹೊಳೆಯೋ ತಾಮ್ರದ ಭಟ್ಟಿಗೆ ಈಗಲೇ ದುಡ್ಡು ಸುರಿಯಬೇಡಿ. ಐದು ಲೀಟರಿನ ಸ್ಟೀಲ್ ಕುಕ್ಕರ್ ಸಾಕು, ಅಲ್ಯೂಮಿನಿಯಂ ಬೇಡ. ವೆಯ್ಟ್ ತೆಗೆದು ಆ ನಳಿಕೆಗೆ ಆಹಾರ ದರ್ಜೆಯ ಸಿಲಿಕೋನ್ ಪೈಪ್ ಹಾಕಿ. ತಳದಲ್ಲಿ ನೀರು, ಅದರ ಮೇಲೆ ತೂತಿನ ತಟ್ಟೆ, ತಟ್ಟೆ ಮೇಲೆ ಹೂವು. ಕಂಠಮಟ್ಟ ತುಂಬಬೇಡಿ. ಎಸಳು ನಳಿಕೆಗೆ ಸಿಕ್ಕಿಕೊಂಡರೆ ಹಬೆ ಒಳಗೇ ಕಟ್ಟಿಕೊಳ್ಳುತ್ತೆ, ಅದು ಅಪಾಯ. ಸೇಫ್ಟಿ ವಾಲ್ವ್ ಹೊಸದಿರಲಿ.

ದುಡ್ಡು ಹಾಕೋದಾದರೆ ಕಂಡೆನ್ಸರಿಗೆ ಹಾಕಿ, ಅಂದರೆ ಪೈಪಿನಿಂದ ಬರೋ ಹಬೆಯನ್ನ ತಣಿಸಿ ನೀರು ಮಾಡೋ ಭಾಗಕ್ಕೆ. ಸ್ಟೀಲ್ ಸುರುಳಿ, ಸುತ್ತ ಬಕೆಟ್. ತಣ್ಣೀರು ಕೆಳಗಿನಿಂದ ಒಳಗೆ, ಬಿಸಿಯಾದದ್ದು ಮೇಲಿನಿಂದ ಹೊರಗೆ. ಸೀಸದ ಬೆಸುಗೆ ಇದ್ದರೆ ಬೇಡವೇ ಬೇಡ.

ಮೈಸೂರಿನ ದೇವರಾಜ ಮಾರ್ಕೆಟ್ಟಿನ ಗುಲಾಬಿಯಿಂದ ಪನ್ನೀರು ಬರುತ್ತೆ, ಎಣ್ಣೆ ಲೆಕ್ಕಕ್ಕೇ ಸಿಗಲ್ಲ. ಎಣ್ಣೆ ಕಣ್ಣಿಗೆ ಕಾಣಬೇಕಾದರೆ ಮಜ್ಜಿಗೆಹುಲ್ಲು ಹಾಕಿ, ಕೆಜಿಗೆ ಕೆಲವೇ ಮಿಲಿ. ಮೈಸೂರು ಮಲ್ಲಿಗೆ ಹಾಕಬೇಡಿ, ಬಿಸಿ ಹಬೆಗೆ ಅದರ ಘಮ ಕೆಡುತ್ತೆ.