ವೆಸ್ಟರ್ನ್ ಸ್ವಿಂಗ್ ಲೀಡ್ ಗಿಟಾರ್: ಕಾರ್ಡ್ ಬದಲಾದಾಗ ಬೆರಳು ಎಲ್ಲಿಳಿಯಬೇಕು?

ಪೆಂಟಾಟೋನಿಕ್ ಸ್ಕೇಲ್ (ಐದು ಸ್ವರಗಳ ಸಾಲು) ಒಂದನ್ನು ಚೆನ್ನಾಗಿ ರೂಢಿಸಿಕೊಂಡವರು ರಾಕ್, ಬ್ಲೂಸ್ ಹಾಡುಗಳಲ್ಲಿ ಹೇಗೋ ಸೋಲೋ ಮುಗಿಸಿಬಿಡುತ್ತಾರೆ. ಅದೇ ಕೈಯನ್ನು ವೆಸ್ಟರ್ನ್ ಸ್ವಿಂಗ್‌ಗೆ ತಂದರೆ ಮೂರನೇ ಬಾರಿನಲ್ಲೇ (ಬಾರ್ ಎಂದರೆ ಇಲ್ಲಿ ನಾಲ್ಕು ಬೀಟಿನ ಒಂದು ಆವರ್ತ) ಅಪಸ್ವರ ಕೇಳಿಸುತ್ತದೆ. ಬೆರಳಿನ ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಳಗಿನ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾಗಿದೆ, ಮೇಲಿನ ಲೀಡ್ (ಬಿಡಿ ಸ್ವರಗಳ ಸಾಲು) ಬದಲಾಗಿಲ್ಲ, ಅಷ್ಟೆ.

ಈ ಸಂಗೀತ 1930ರ ದಶಕದಲ್ಲಿ ಟೆಕ್ಸಸ್ ಮತ್ತು ಓಕ್ಲಹೋಮದ ನೃತ್ಯಶಾಲೆಗಳಲ್ಲಿ ಬೆಳೆಯಿತು. ಫೋರ್ಟ್ ವರ್ತ್‌ನಲ್ಲಿ ಮಿಲ್ಟನ್ ಬ್ರೌನ್, ಟಲ್ಸಾದಲ್ಲಿ ಬಾಬ್ ವಿಲ್ಸ್ ಇದರ ಮೊದಲ ದೊಡ್ಡ ಹೆಸರುಗಳು. ಹಳ್ಳಿಯ ಪಿಟೀಲಿನ ಧಾಟಿಗೆ ಜಾಝ್ ಬ್ಯಾಂಡಿನ ಕಾರ್ಡ್‌ಗಳು ಬಂದು ಸೇರಿದವು. ವಿಲ್ಸ್ ತಂಡದ ಎಲ್ಡನ್ ಶ್ಯಾಂಬ್ಲಿನ್, ಜಿಮ್ಮಿ ವೈಬಲ್, ಜೂನಿಯರ್ ಬರ್ನಾರ್ಡ್ ಗಿಟಾರಿನಲ್ಲಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಕಲಿಯುವವರಿಗೆ ಮೊದಲು ಕೇಳಲು ಹೇಳುವುದಾದರೆ ವೈಬಲ್. ಬರ್ನಾರ್ಡ್ ಅವರ ಕರ್ಕಶವಾದ, ಆಂಪ್ಲಿಫಯರ್ ಹರಿದುಹೋಗುವಂಥ ನಾದ ರೋಮಾಂಚಕ, ನಿಜ. ಆದರೆ ಅದನ್ನು ಅನುಕರಿಸಹೊರಟರೆ ನಾದ ಸಿಗುತ್ತದೆ, ಸ್ವರಗಳ ಲೆಕ್ಕ ತಪ್ಪಿಹೋಗುತ್ತದೆ.

ಬೇಕಾದ ಸರಂಜಾಮು

ಟೊಳ್ಳು ಒಡಲಿನ ಆರ್ಚ್‌ಟಾಪ್ ಗಿಟಾರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಯಾವ ಎಲೆಕ್ಟ್ರಿಕ್ ಗಿಟಾರ್ ಆದರೂ ನಡೆಯುತ್ತದೆ. ಕುತ್ತಿಗೆಯ ಕಡೆಯ ಪಿಕಪ್ ಆರಿಸಿ, ಟೋನ್ ಗುಂಡಿಯನ್ನು ಸ್ವಲ್ಪ ಇಳಿಸಿ, ಆಂಪ್ಲಿಫಯರ್‌ನಲ್ಲಿ ಡಿಸ್ಟಾರ್ಷನ್ ಪೂರ್ತಿ ತೆಗೆಯಿರಿ. 11ರಿಂದ (ಅತಿ ತೆಳು ತಂತಿಯ ದಪ್ಪ 0.011 ಇಂಚು) ಶುರುವಾಗುವ ತಂತಿಗಳ ಸೆಟ್ ಸಾಕು. 9ರ ತೆಳು ತಂತಿ ಪಿಕ್‌ನ ಹೊಡೆತಕ್ಕೆ ಅದುರಿ ಶ್ರುತಿ ಜಾರಿದಂತೆ ಕೇಳಿಸುತ್ತದೆ. ಪಿಕ್ 1 ಮಿ.ಮೀ. ಅಥವಾ ಅದಕ್ಕಿಂತ ದಪ್ಪದ್ದಿರಲಿ.

ಮೊದಲು ರಿದಂ

ಲೀಡ್ ಕಲಿಯುವ ಆತುರದಲ್ಲಿ ಇದನ್ನು ಬಿಟ್ಟವರು ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ. ಜಿ ಶ್ರುತಿಯಲ್ಲಿ ಎಂಟು ಬಾರ್‌ಗಳ ಒಂದು ಸುತ್ತು ತೆಗೆದುಕೊಳ್ಳಿ: ಜಿ, ಇ7, ಎ7, ಡಿ7, ಒಂದೊಂದೂ ಎರಡೆರಡು ಬಾರ್. ಸ್ವಿಂಗ್‌ನ ಎಷ್ಟೋ ಹಾಡುಗಳು ಈ ಸುತ್ತಿನ ಮೇಲೆ ಅಥವಾ ಇದರ ತುಂಡುಗಳ ಮೇಲೆ ನಿಂತಿವೆ.

ಇಲ್ಲಿಂದ ಮುಂದೆ 4/6 ಎಂದರೆ 4ನೇ ತಂತಿಯ 6ನೇ ಫ್ರೆಟ್ ಎಂದು ಓದಿಕೊಳ್ಳಿ. ಅತಿ ತೆಳುವಾದ ತಂತಿ 1ನೆಯದು. ಮೂರೇ ಸ್ವರಗಳ ಕಾರ್ಡ್‌ಗಳು ಹೀಗಿವೆ (ಜಿ ಬಂದಲ್ಲಿ ಜಿ6 ಹಿಡಿಯಿರಿ):

ಜಿ6: 6/3, 4/2, 3/4
ಇ7: 5/7, 4/6, 3/7
ಎ7: 6/5, 4/5, 3/6
ಡಿ7: 5/5, 4/4, 3/5

ಉಳಿದ ತಂತಿಗಳನ್ನು ಎಡಗೈ ಬೆರಳುಗಳ ಬದಿಯಿಂದ ತಾಗಿಸಿ ಸದ್ದಡಗಿಸಿ. ಬಾರಿಗೆ ನಾಲ್ಕು ಬೀಟ್, ನಾಲ್ಕೂ ಕೆಳಮುಖವಾಗಿ. ಎರಡನೆಯ ಮತ್ತು ನಾಲ್ಕನೆಯ ಬೀಟಿನಲ್ಲಿ ಮೀಟಿದ ತಕ್ಷಣ ಎಡಗೈ ಬಿಗಿ ಸಡಿಲಿಸಿದರೆ 'ಚಕ್' ಎಂಬ ಸದ್ದು ಬರುತ್ತದೆ. ಕೈಯನ್ನು ತಂತಿಯಿಂದ ಪೂರ್ತಿ ಎತ್ತಬೇಡಿ, ಎತ್ತಿದರೆ ಬಿಟ್ಟ ತಂತಿಗಳು ಝೇಂಕರಿಸುತ್ತವೆ. ಈ ರಿದಮ್ಮನ್ನು ಫೋನಿನಲ್ಲಿ ಹತ್ತು ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದಿನ ಅಭ್ಯಾಸವೆಲ್ಲ ಅದರ ಮೇಲೆಯೇ. ವೇಗ ನಿಮಿಷಕ್ಕೆ 100 ಬೀಟ್ ಇರಲಿ. ಮೆಟ್ರೊನೋಮನ್ನು 50ಕ್ಕೆ ಇಟ್ಟು, ಅದರ ಟಕ್ ಸದ್ದನ್ನು ಎರಡನೆಯ ಮತ್ತು ನಾಲ್ಕನೆಯ ಬೀಟ್ ಎಂದು ಎಣಿಸಿ. ಮೊದಲ ದಿನ ಇದು ತಲೆಕೆಳಗಾದಂತೆ ಅನಿಸುತ್ತದೆ. ಎಣಿಕೆ ತಪ್ಪಿ ಟಕ್ ಸದ್ದು ಒಂದು, ಮೂರರ ಮೇಲೆ ಬಂದರೆ ನಿಲ್ಲಿಸಿ ಮತ್ತೆ ಶುರುಮಾಡಿ.

ಇಡೀ ಗುಟ್ಟು ಎರಡು ಸ್ವರಗಳಲ್ಲಿ

ಕಾರ್ಡ್‌ಗಳ 3 ಮತ್ತು 4ನೇ ತಂತಿಗಳನ್ನಷ್ಟೇ ನೋಡಿ. ಇ7ನಲ್ಲಿ 4/6, 3/7. ಎ7ನಲ್ಲಿ 4/5, 3/6. ಡಿ7ನಲ್ಲಿ 4/4, 3/5. ಎರಡು ಬೆರಳುಗಳು ಒಂದೊಂದೇ ಫ್ರೆಟ್ ಇಳಿಯುತ್ತಾ ಬಂದಿವೆ. ಇವು ಆಯಾ ಕಾರ್ಡಿನ ಮೂರನೆಯ ಮತ್ತು ಏಳನೆಯ ಸ್ವರಗಳು. ಕಾರ್ಡ್ ಯಾವುದೆಂದು ಕಿವಿಗೆ ಹೇಳುವವು ಇವೇ. ಉಳಿದ ಸ್ವರಗಳನ್ನು ಬಾಸ್ ನುಡಿಸುವವರು ನೋಡಿಕೊಳ್ಳುತ್ತಾರೆ.

ಈಗ ಜಿ ಮೇಜರ್ ಸ್ಕೇಲನ್ನು ನೆನಪಿಸಿಕೊಳ್ಳಿ. ಇ7ನ ಮೂರನೆಯ ಸ್ವರ ಜಿ ಶಾರ್ಪ್ (ಜಿಗಿಂತ ಒಂದು ಫ್ರೆಟ್ ಮೇಲಿನದು) ಆ ಸ್ಕೇಲಿನಲ್ಲಿ ಇಲ್ಲ. ಎ7ನ ಸಿ ಶಾರ್ಪ್ ಕೂಡ ಇಲ್ಲ. ಕರ್ನಾಟಕ ಸಂಗೀತ ಬಲ್ಲವರಿಗೆ ಹೇಳುವುದಾದರೆ, ಜಿಯನ್ನು ಷಡ್ಜ ಎಂದಿಟ್ಟುಕೊಂಡಾಗ ಜಿ ಮೇಜರ್ ಸ್ಕೇಲಿನವು ಶಂಕರಾಭರಣದ ಸ್ವರಗಳು. ಇ7 ಬಂದಾಗ ಶುದ್ಧ ರಿಷಭವೂ ಎ7 ಬಂದಾಗ ಪ್ರತಿ ಮಧ್ಯಮವೂ ಹೊರಗಿನಿಂದ ಬರುತ್ತವೆ, ತಮ್ಮ ಕಾರ್ಡ್ ಮುಗಿದೊಡನೆ ಹೊರಟುಹೋಗುತ್ತವೆ. ಜಿ ಪೆಂಟಾಟೋನಿಕ್‌ನಲ್ಲೇ ಸುತ್ತುವವರ ಸೋಲೋ ಚಪ್ಪಟೆಯಾಗುವುದು ಈ ಎರಡು ಸ್ವರಗಳನ್ನು ಮುಟ್ಟದೇ ಇರುವುದರಿಂದ. ಇ7 ಮೇಲೆ ಬರಿಯ ಜಿ ಹಿಡಿದು ನಿಂತರೆ ಜಿ ಶಾರ್ಪ್‌ಗೆ ನೇರವಾಗಿ ಬಡಿಯುತ್ತದೆ. ಬ್ಲೂಸ್ ಧಾಟಿಯಲ್ಲಿ ಜಾರಿಸಿ ಬಿಟ್ಟರೆ ಸೊಗಸು, ನಿಂತರೆ ತಪ್ಪು.

ಅಭ್ಯಾಸ ಸರಳವಾಗಿದೆ, ಬೇಸರವೂ ಹೌದು. ರೆಕಾರ್ಡ್ ಮಾಡಿಟ್ಟ ರಿದಂ ಮೇಲೆ ಪ್ರತಿ ಕಾರ್ಡಿನ ಮೊದಲ ಬೀಟಿಗೆ ಮೂರನೆಯ ಸ್ವರ ಒಂದನ್ನೇ ಮೀಟಿ, ಎರಡು ಬಾರ್ ಪೂರ್ತಿ ಬಿಡಿ: ಜಿಗೆ 3/4, ಇ7ಗೆ 4/6, ಎ7ಗೆ 3/6, ಡಿ7ಗೆ 4/4. ಫ್ರೆಟ್‌ಬೋರ್ಡ್ ನೋಡದೆ, ಎಣಿಸದೆ, ಕಾರ್ಡ್ ಬದಲಾಗುವ ಕ್ಷಣಕ್ಕೆ ಬೆರಳು ತಾನಾಗಿ ಅಲ್ಲಿರಬೇಕು. ಅಲ್ಲಿಯವರೆಗೆ ಮುಂದಿನ ಹಂತ ಬೇಡ.

ಕಾರ್ಡನ್ನು ಬಿಡಿಸಿ ನುಡಿಸುವುದು

ಈಗ ಒಂದೇ ಜಾಗದಲ್ಲಿ ನಾಲ್ಕು ಕಾರ್ಡ್‌ಗಳ ಸ್ವರಗಳು:

ಜಿ6: 4/5, 3/4, 2/3, 2/5, 1/3
ಇ7: 4/6, 3/4, 2/3, 2/5, 1/4
ಎ7: 4/5, 3/2, 3/6, 2/5, 1/3, 1/5
ಡಿ7: 4/4, 3/2, 3/5, 2/3, 1/2, 1/5

ಮೊದಲೆರಡು ಸಾಲುಗಳನ್ನು ಹೋಲಿಸಿ. ತುದಿಯ ಎರಡು ಸ್ವರಗಳು ಒಂದೊಂದು ಫ್ರೆಟ್ ಏರಿವೆ, ನಡುವಿನ ಮೂರು ಕದಲಿಯೇ ಇಲ್ಲ. ಜಿ6 ಮತ್ತು ಇ7 ನಡುವಿನ ವ್ಯತ್ಯಾಸ ಅಷ್ಟೇ. ಹೊಸ ಕಾರ್ಡ್ ಬಂತೆಂದು ಕೈಯನ್ನು ಎಲ್ಲಿಗೋ ಹಾರಿಸುವವರು ಇದನ್ನು ಗಮನಿಸಿರುವುದಿಲ್ಲ. ಮಾಧುರ್ಯ ಇರುವುದು ಹಾರುವುದರಲ್ಲಲ್ಲ, ಹತ್ತಿರದ ಸ್ವರಕ್ಕೆ ಸರಿಯುವುದರಲ್ಲಿ.

ಜಿ ಮೇಲೆ ಇ ಸ್ವರ, ಅಂದರೆ ಆರನೆಯದು, ಯಾಕೆ ಬಂತು? ಈ ಶೈಲಿಯ ಬಣ್ಣವೇ ಅದು. ಸ್ಟೀಲ್ ಗಿಟಾರ್ (ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಗಿಟಾರ್) ನುಡಿಸುವವರು ತಂತಿಗಳನ್ನೇ ಸಿಕ್ಸ್ತ್ ಕಾರ್ಡಿಗೆ ಶ್ರುತಿ ಮಾಡಿಕೊಳ್ಳುವ ರೂಢಿ ಇದೆ. ಅದರ ಬದಲು ಮೇಜರ್ ಸೆವೆಂತ್, ಅಂದರೆ ಮೇಜರ್ ಸ್ಕೇಲಿನ ಏಳನೆಯ ಸ್ವರ, ಹಾಕಿದರೆ ಮುಂದಿನ ಕಾಲದ ಜಾಝ್ ಕೇಳಿಸುತ್ತದೆ, ಸಿಕ್ಸ್ತ್ ಹಾಕಿದರೆ ನೃತ್ಯಶಾಲೆ.

ಮೇಲೊಂದು, ಕೆಳಗೊಂದು, ಆಮೇಲೆ ಗುರಿ

ಬರಿಯ ಕಾರ್ಡ್ ಸ್ವರಗಳು ಸರಿಯಾಗಿರುತ್ತವೆ, ಆದರೆ ಪಾಠ ಒಪ್ಪಿಸಿದಂತೆ ಕೇಳಿಸುತ್ತವೆ. ಅವಕ್ಕೆ ಚಲನೆ ಕೊಡುವ ಅತಿ ಸುಲಭದ ಉಪಾಯ ಗುರಿಸ್ವರವನ್ನು ಸುತ್ತುವರಿಯುವುದು. ಗುರಿಗಿಂತ ಒಂದು ಫ್ರೆಟ್ ಮೇಲೆ, ಒಂದು ಫ್ರೆಟ್ ಕೆಳಗೆ, ಆಮೇಲೆ ಗುರಿ. ಮೊದಲೆರಡು ಸ್ವರಗಳು ಹಿಂದಿನ ಬಾರಿನ ನಾಲ್ಕನೆಯ ಬೀಟಿನಲ್ಲಿ ಅರ್ಧರ್ಧವಾಗಿ ಬರಬೇಕು, ಗುರಿ ಹೊಸ ಬಾರಿನ ಮೊದಲ ಬೀಟಿನಲ್ಲೇ ಬೀಳಬೇಕು. ಬೆರಳುಗಳು ಎಲ್ಲ ಕಡೆಯೂ ಒಂದೇ ಕ್ರಮ: ಉಂಗುರ, ತೋರು, ನಡು.

ಪೂರ್ತಿ ಎಂಟು ಬಾರ್ ಹೀಗೆ. ಗೆರೆಯಿಂದ ಜೋಡಿಸಿದ ಎರಡು ಸ್ವರಗಳು ಸೇರಿ ಒಂದು ಬೀಟ್, ಬಿಡಿ ಸ್ವರ ಒಂದು ಬೀಟ್.

ಬಾರ್ 1, ಜಿ: 2/3, 2/5, 1/3, 2/5
ಬಾರ್ 2, ಜಿ: 2/3, 3/4, ಮೌನ, 4/7–4/5
ಬಾರ್ 3, ಇ7: 4/6, 3/4, 2/3, 2/5
ಬಾರ್ 4, ಇ7: 2/3, 2/6, 2/5, 3/7–3/5
ಬಾರ್ 5, ಎ7: 3/6, 2/5, 1/3, 1/5
ಬಾರ್ 6, ಎ7: 1/3, 2/5, ಮೌನ, 1/3–1/1
ಬಾರ್ 7, ಡಿ7: 1/2, 2/3, 3/5, 3/2
ಬಾರ್ 8, ಡಿ7: 4/4, 3/2, ಮೌನ, 3/5–3/3

ಮರುಸುತ್ತಿನ ಮೊದಲ ಸ್ವರ 3/4 ಆಗಲಿ, ಅಲ್ಲಿಗೆ ಕೊನೆಯ ಸುತ್ತುವರಿಕೆಯೂ ಗುರಿ ಮುಟ್ಟುತ್ತದೆ.

ನಾಲ್ಕನೆಯ ಬಾರಿನ 2/6 ನೋಡಿ. ಅದು ಎಫ್. ಇ7 ಕಾರ್ಡಿನಲ್ಲೂ ಇಲ್ಲ, ಜಿ ಸ್ಕೇಲಿನಲ್ಲೂ ಇಲ್ಲ. ಜಿ ಶಾರ್ಪ್, ಬಿ, ಡಿ, ಎಫ್ ನಾಲ್ಕೂ ಸೇರಿದರೆ ಡಿಮಿನಿಶ್ಡ್ ಕಾರ್ಡ್ ಆಗುತ್ತದೆ, ಇ7 ಬಂದಲ್ಲೆಲ್ಲ ಇದನ್ನು ಬಳಸಬಹುದು. ಎಫ್ ಅರ್ಧ ಹೆಜ್ಜೆ ಇಳಿದು ಇ ಆದಾಗ ಸಿಗುವ ನಿರಾಳವೇ ಅದರ ಪ್ರಯೋಜನ. ಇಳಿಸದೆ ಅಲ್ಲೇ ಬಿಟ್ಟರೆ ಕೇಳುಗರಿಗೆ ತಪ್ಪು ಸ್ವರ ಎಂದೇ ಅನಿಸುತ್ತದೆ. ಡಿಮಿನಿಶ್ಡ್ ಆಕಾರ ಮೂರು ಫ್ರೆಟ್ ಮೇಲೆ ಹೋದರೂ ಅವೇ ನಾಲ್ಕು ಸ್ವರಗಳು ಮತ್ತೆ ಸಿಗುತ್ತವೆ. ಅದು ಗೊತ್ತಾದವರು ಒಂದೇ ಆಕಾರವನ್ನು ಮೇಲಕ್ಕೆ ಮೇಲಕ್ಕೆ ಜರುಗಿಸಿ ಚಮತ್ಕಾರ ಮಾಡತೊಡಗುತ್ತಾರೆ. ಒಂದು ಸೋಲೋಗೆ ಒಂದು ಸಲ ಸಾಕು.

ಲಯ ಮತ್ತು ಬಲಗೈ

ಅರ್ಧ ಬೀಟಿನ ಜೋಡಿಗಳನ್ನು ಸಮವಾಗಿ ನುಡಿಸಬಾರದು. ಬೀಟನ್ನು ಮೂರು ಪಾಲು ಮಾಡಿ ಮೊದಲ ಸ್ವರಕ್ಕೆ ಎರಡು, ಎರಡನೆಯದಕ್ಕೆ ಒಂದು ಪಾಲು ಕೊಡಿ. 'ತಕಿಟ' ಎಂದು ಬಾಯಲ್ಲಿ ಹೇಳಿಕೊಂಡು 'ತ' ಮತ್ತು 'ಟ'ದ ಮೇಲೆ ಮೀಟಿದರೆ ಸರಿಯಾಗಿ ಕೂರುತ್ತದೆ. ಇದು ನಿಧಾನದ ಲೆಕ್ಕ. ವೇಗ ಏರಿದಂತೆ ಎರಡೂ ಪಾಲು ಸಮವಾಗುತ್ತಾ ಬರುತ್ತವೆ, ನಿಮಿಷಕ್ಕೆ 200 ದಾಟಿದ ಮೇಲೂ ತಕಿಟ ಹಿಡಿದು ಕೂತರೆ ಲಯ ಕುಂಟುತ್ತದೆ.

ಪಿಕ್ ಬೀಟಿನ ಮೇಲೆ ಕೆಳಕ್ಕೆ, ಬೀಟಿನ ನಡುವೆ ಮೇಲಕ್ಕೆ. ಟೆಕ್ಸಸ್‌ನಲ್ಲಿ ಹುಟ್ಟಿ ಓಕ್ಲಹೋಮ ಸಿಟಿಯಲ್ಲಿ ಬೆಳೆದ ಚಾರ್ಲಿ ಕ್ರಿಶ್ಚಿಯನ್ ಬಹುಪಾಲು ಕೆಳಮುಖವಾಗಿಯೇ ಮೀಟುತ್ತಿದ್ದರು. ಸ್ವಿಂಗ್ ಗಿಟಾರಿಗರ ಮೇಲೆ ಅವರ ಪ್ರಭಾವ ದೊಡ್ಡದು. ನಿಧಾನದ ಹಾಡಿನಲ್ಲಿ ಹಾಗೆ ಮಾಡಿ ನೋಡಿ, ಸ್ವರಗಳಿಗೆ ತೂಕ ಬರುತ್ತದೆ. ತಂತಿ ಎಳೆಯುವ ಬೆಂಡ್‌ಗಳನ್ನು ಸದ್ಯಕ್ಕೆ ಮರೆತುಬಿಡಿ. ಅವುಗಳ ಬದಲು ಕೆಳಗಿನ ಫ್ರೆಟ್‌ನಿಂದ ಜಾರಿಸಿ. ಪಿಟೀಲು, ಸ್ಟೀಲ್ ಎರಡೂ ಮಾಡುವುದು ಅದನ್ನೇ.

ಮೌನ ಎಂದು ಬರೆದ ಜಾಗಗಳನ್ನು ತುಂಬಬೇಡಿ. ಒಂದೇ ಸಮನೆ ಸ್ವರ ಸುರಿಸುವುದು ಗಿಟಾರಿಗರ ಹಳೆಯ ರೋಗ. ಸಾಲನ್ನು ಮೊದಲು ಬಾಯಲ್ಲಿ ಹಾಡಿ, ಉಸಿರು ಎಲ್ಲಿ ಬೇಕೆನಿಸಿತೋ ಅಲ್ಲಿ ಪಿಕ್ ನಿಲ್ಲಲಿ.

ಹಾಡಿನ ಧಾಟಿಯಿಂದ ಸೋಲೋಗೆ

ಈಗ ಯಾವುದಾದರೂ ಒಂದು ಹಾಡು ತೆಗೆದುಕೊಳ್ಳಿ. ಮೊದಲ ಸುತ್ತು ಹಾಡಿನ ಧಾಟಿಯನ್ನೇ ನುಡಿಸಿ. ಎರಡನೇ ಸುತ್ತಿನಲ್ಲಿ ಪ್ರತಿ ಬಾರಿನ ಮೊದಲ ಸ್ವರವನ್ನು ಧಾಟಿಯದೇ ಉಳಿಸಿಕೊಂಡು ನಡುವೆ ಕಾರ್ಡ್ ಸ್ವರಗಳನ್ನು ಸೇರಿಸಿ. ಮೂರನೆಯದರಲ್ಲಿ ಆ ಮೊದಲ ಸ್ವರಗಳ ಮುಂದೆ ಸುತ್ತುವರಿಕೆ ಹಾಕಿ. ಕೇಳುಗ ಹಾಡನ್ನು ಇನ್ನೂ ಗುರುತಿಸುತ್ತಾನೆ, ನೀವು ಆಗಲೇ ಸೋಲೋದೊಳಗಿರುತ್ತೀರಿ. ನೃತ್ಯಕ್ಕೆ ಬಂದವರಿಗೆ ಧಾಟಿ ಕಾಲಿಗೆ ಸಿಗಬೇಕು, ಹಾಗಾಗಿ ಈ ಶೈಲಿಯಲ್ಲಿ ಅದನ್ನು ಪೂರ್ತಿ ಬಿಟ್ಟುಕೊಡುವುದು ವಿರಳ. ಬಾಬ್ ವಿಲ್ಸ್ ತಂಡ 1946–47ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋಗಾಗಿ ಮಾಡಿದ ಟಿಫನಿ ಧ್ವನಿಮುದ್ರಣಗಳಲ್ಲಿ ಸೋಲೋಗಳು ಧಾರಾಳವಾಗಿವೆ. ಅಲ್ಲಿಂದ ನಾಲ್ಕೇ ಬಾರ್ ಆರಿಸಿ, ವೇಗ ಅರ್ಧಕ್ಕಿಳಿಸಿ, ಕಿವಿಯಿಂದಲೇ ಹಿಡಿಯಿರಿ. ಬೇರೆಯವರು ಬರೆದಿಟ್ಟ ಟ್ಯಾಬ್ (ತಂತಿ, ಫ್ರೆಟ್‌ಗಳ ಬರಹ) ನೋಡಿದರೆ ಫ್ರೆಟ್ ಸಿಗುತ್ತದೆ, ಜಾರು ಮತ್ತು ಒತ್ತು ಸಿಗುವುದಿಲ್ಲ.

ಗೆಳೆಯರೊಬ್ಬರು ಜೊತೆಗಿದ್ದರೆ ಜೋಡಿ ಗಿಟಾರ್ ನುಡಿಸಬಹುದು. 1940ರ ದಶಕದ ಮಧ್ಯದಲ್ಲಿ ವಿಲ್ಸ್ ತಂಡದಲ್ಲಿ ವೈಬಲ್ ಮತ್ತು ಕ್ಯಾಮರಾನ್ ಹಿಲ್ ಹೀಗೆ ಜೊತೆಯಾಗಿ ನುಡಿಸುತ್ತಿದ್ದರು. ಎರಡನೆಯವರು ಪ್ರತಿ ಸ್ವರಕ್ಕೂ ಅದೇ ಕಾರ್ಡಿನ ಮೇಲಿನ ಮುಂದಿನ ಸ್ವರ ಹಿಡಿಯುತ್ತಾರೆ. ಮೂರನೇ ಬಾರಿನ ಜಿ ಶಾರ್ಪ್, ಬಿ, ಡಿ, ಇ ಸಾಲಿಗೆ ಜೊತೆ ಬಿ, ಡಿ, ಇ, ಜಿ ಶಾರ್ಪ್. ಸುತ್ತುವರಿಕೆಯಲ್ಲಿ ಮಾತ್ರ ಇಬ್ಬರೂ ತಮ್ಮ ತಮ್ಮ ಗುರಿಯ ಮೇಲೆ ಒಂದು, ಕೆಳಗೆ ಒಂದು ಫ್ರೆಟ್ ಹಿಡಿಯಬೇಕು.

ಬಹಳಷ್ಟು ಹಾಡುಗಳ ನಡುಭಾಗದಲ್ಲಿ ಸುತ್ತು ಬಿ7ನಿಂದ ಶುರುವಾಗಿ ಇ7, ಎ7, ಡಿ7 ಎಂದು ಇಳಿಯುತ್ತದೆ. ಹೆದರುವಂಥದ್ದೇನಿಲ್ಲ. ಎ7 ಆಕಾರವನ್ನು ಎರಡು ಫ್ರೆಟ್ ಮೇಲಕ್ಕೆ ಸರಿಸಿದರೆ ಬಿ7: 6/7, 4/7, 3/8. ಲೀಡ್‌ಗೆ ಗುರಿ 3/8, ಅಂದರೆ ಡಿ ಶಾರ್ಪ್. ಅಲ್ಲಿಂದ ಇ7ನ 3/7ಕ್ಕೆ ಒಂದೇ ಫ್ರೆಟ್, ಆಮೇಲೆ ಎ7ಗೆ 3/6, ಡಿ7ಗೆ 3/5, ಕೊನೆಗೆ ಜಿಗೆ 3/4. ಮೂರನೇ ತಂತಿ ಒಂದರ ಮೇಲೆಯೇ ಇಡೀ ನಡುಭಾಗ ದಾಟಿ ಮನೆಗೆ ಬಂದಿರುತ್ತೀರಿ. ಮೊದಲ ವಾರ ಈ ಐದು ಸ್ವರಗಳನ್ನೇ ನುಡಿಸಿ. ಸುತ್ತುವರಿಕೆ ಎರಡನೇ ವಾರಕ್ಕಿರಲಿ.