ಸುರಂಗದೊಳಗೆ ಹನ್ನೆರಡು ದೀಪ, ಒಂದೇ ಬೈಕ್ ಬ್ಯಾಟರಿ

ಕಾಸರಗೋಡಿನ ಬಾಯಾರು ಕಡೆಯ ನಮ್ಮ ಸುರಂಗ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿ, ಹತ್ತಿರ ಹತ್ತಿರ ನೂರು ಕೋಲು (ಸುಮಾರು ಎಪ್ಪತ್ತು ಮೀಟರ್) ಉದ್ದ ಇದೆ. ಕೆಸರು ತೆಗೆಯಲು ಹೊಕ್ಕರೆ ಒಂದು ಕೈ ಟಾರ್ಚಿಗೇ ಬೇಕು. ಮುರಕಲ್ಲಿನಿಂದ (ಜಂಬಿಟ್ಟಿಗೆ) ಬೇಸಿಗೆಯಲ್ಲೂ ನೀರು ತೊಟ್ಟಿಕ್ಕುತ್ತದೆ, ಅಂಥಲ್ಲಿ 230 ವೋಲ್ಟ್ ಎಳೆಯುವ ಮಾತೇ ಇಲ್ಲ. ಬೈಕ್ ಬ್ಯಾಟರಿಯಿಂದ ಎಲ್‌ಇಡಿ ಹಾಕುತ್ತೇನೆ ಎಂದಾಗ ಊರಿನ ಎಲೆಕ್ಟ್ರಿಷಿಯನ್ ತಲೆ ಅಲ್ಲಾಡಿಸಿದರು. ಅಷ್ಟು ದೂರಕ್ಕೆ 12 ವೋಲ್ಟ್ ಮುಟ್ಟುವುದಿಲ್ಲ, ದಪ್ಪ ವಯರೇ ಆಗಬೇಕು ಎಂದರು. ಅದಕ್ಕೆ ಐದು ಸಾವಿರದ ಲೆಕ್ಕ!

ನನ್ನ ಹತ್ತಿರ ಇದ್ದದ್ದು ಕರೆಗಂಟೆಗೆ ಹಾಕುವ ಸಪೂರದ ಬೆಲ್ ವಯರ್. ಮೂರು ಬಿಳಿ ಎಲ್‌ಇಡಿ ಸೀರೀಸ್ (ಒಂದರ ಹಿಂದೆ ಒಂದು), ಕರೆಂಟ್ ತಡೆಯಲು ಒಂದು ರೆಸಿಸ್ಟರ್, ಎಲ್ಲರೂ ಮಾಡುವ ಹಾಗೆ ಜೋಡಿಸಿದೆ. ಸುರಂಗದ ಬಾಯಿಯ ಹತ್ತಿರ ಚೆನ್ನಾಗಿ ಉರಿಯಿತು. ತುದಿಯಲ್ಲಿ ಮಿಣಮಿಣ. ಮೀಟರ್ ಹಿಡಿದರೆ ಒಂಬತ್ತು ವೋಲ್ಟ್ ಚಿಲ್ಲರೆ, ಬಿಳಿ ಎಲ್‌ಇಡಿ ಒಂದಕ್ಕೇ ಮೂರು ವೋಲ್ಟಿನ ಮೇಲೆ ಬೇಕು, ಮೂರಕ್ಕೆ ಅಷ್ಟು ಸಾಲದು. ಎಲ್ಲವನ್ನೂ ಪ್ಯಾರಲಲ್ (ಅಕ್ಕಪಕ್ಕ) ಮಾಡಿ ಒಂದೇ ರೆಸಿಸ್ಟರ್ ಹಾಕು ಎಂದರು ಒಬ್ಬರು. ಮೇಜಿನ ಮೇಲೆ ಅದನ್ನೂ ಮಾಡಿ ನೋಡಿದೆ. ಒಂದು ಎಲ್‌ಇಡಿ ಜಾಸ್ತಿ ಕರೆಂಟ್ ಎಳೆದು ಸುಟ್ಟಿತು, ಅದರ ಪಾಲು ಉಳಿದವುಗಳ ಮೇಲೆ ಬಿತ್ತು. ಇಪ್ಪತ್ತು ರೂಪಾಯಿಯ ಎಲ್‌ಇಡಿ ಹೋಯಿತು, ಆದರೆ ವಾದ ಮುಗಿಯಿತು.

ದಾರಿ ಸಿಕ್ಕಿದ್ದು ವೋಲ್ಟೇಜ್ ಏರಿಸುವ ಪುಟ್ಟ ಬೂಸ್ಟ್ ಮಾಡ್ಯೂಲಿನಲ್ಲಿ. ಸುಮಾರು ನೂರು ರೂಪಾಯಿ. ಬ್ಯಾಟರಿಯ ಪಕ್ಕದಲ್ಲೇ 24 ವೋಲ್ಟಿಗೆ ಏರಿಸಿದೆ. ಒಂದೊಂದು ದೀಪದಲ್ಲಿ ಆರು ಎಲ್‌ಇಡಿ ಸೀರೀಸ್, 330 ಓಮಿನ ಒಂದು ರೆಸಿಸ್ಟರ್. ಅದೇ ಆರನ್ನು 12 ವೋಲ್ಟಿನಲ್ಲಿ ಮೂರು ಮೂರಾಗಿ ಉರಿಸಿದರೂ ಬೆಳಕು ಅಷ್ಟೇ, ಇಲ್ಲಿ ಕರೆಂಟ್ ಅರ್ಧ. ಹನ್ನೆರಡು ದೀಪಕ್ಕೂ ಸೇರಿ ವಯರಿನಲ್ಲಿ ಹರಿಯುವುದು 0.2 ಆಂಪಿಯರ್ ಒಳಗೆ. ತುದಿಯಲ್ಲಿ ಎರಡು ವೋಲ್ಟ್ ಇಳಿಯುತ್ತದೆ, ಅದಕ್ಕೆ ಕೊನೆಯ ನಾಲ್ಕು ದೀಪಕ್ಕೆ ಕಡಿಮೆ ತಡೆಯುವ 220 ಓಮ್ ಹಾಕಿದೆ. ಈಗ ಯಾವುದು ಮೊದಲಿನದು, ಯಾವುದು ಕೊನೆಯದು ಅಂತ ಬೆಳಕು ನೋಡಿ ಯಾರೂ ಹೇಳಲಾರರು. ಬ್ಯಾಟರಿ 12ಕ್ಕಿಂತ ಸ್ವಲ್ಪ ಇಳಿದರೂ ಬೆಳಕು ಕುಂದುವುದಿಲ್ಲ, ಮಾಡ್ಯೂಲ್ 24ನ್ನು ಹಿಡಿದು ನಿಲ್ಲಿಸುತ್ತದೆ. ನನ್ನ ಕೆಲಸಕ್ಕೆ ಹಳೆಯ ಬೈಕ್ ಬ್ಯಾಟರಿ ಸಾಕಾಯಿತು.

ನಡುವೆ ಬಾವಲಿಗಳು ತೂಗುವ ಒಂದು ಜಾಗ ಇದೆ. ಬಿಳಿ ದೀಪ ಹಾಕಿದರೆ ಎದ್ದು ಮುಖಕ್ಕೇ ಹಾರುತ್ತಿದ್ದವು. ಅಲ್ಲಿ ಮಾತ್ರ ಕೆಂಪು ಹಾಕಿ ನೋಡಿದೆ. ಕೆಂಪಿಗೆ ಎರಡೇ ವೋಲ್ಟ್ ಅಲ್ವಾ, ಒಂಬತ್ತು ಸೀರೀಸ್ ಕೂತಿತು. ಬಾವಲಿಗಳು ಈಗ ಅಲುಗುವುದಿಲ್ಲ. ನನಗಂತೂ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಇದೇ.

ಒಳಗೆ ಹೋಗುವಾಗ ಉರಿಯುವ ಮೇಣದ ಬತ್ತಿ ಒಯ್ಯುವುದನ್ನು ಮಾತ್ರ ಬಿಡಬೇಡಿ. ಒಳಗೆ ಗಾಳಿ ಸಾಲದಿದ್ದರೆ ಅದು ಆರುತ್ತದೆ, ಎಲ್‌ಇಡಿ ಸುಮ್ನೆ ಉರಿಯುತ್ತಲೇ ಇರುತ್ತದೆ.

ಬ್ಯಾಟರಿ ಬಿಟ್ಟು ಎಲ್ಲ ಸೇರಿ ಸಾವಿರದೈನೂರರೊಳಗೆ ಮುಗಿಯಿತು. ಮಳೆಗಾಲ ಕಳೆದರೂ ಒಂದು ಬೆಸುಗೆಗೂ ಕಿಲುಬು ಹಿಡಿದಿಲ್ಲ. ಅವುಗಳ ಮೇಲೆ ಹಾಕಿದ್ದು ಹಾಟ್ ಗ್ಲೂ (ಕರಗಿಸಿ ಹಚ್ಚುವ ಅಂಟು), ಆದರೆ ಬರೀ ಹಾಟ್ ಗ್ಲೂ ಅಲ್ಲ. ಅದಕ್ಕೆ ಏನು ಬೆರೆಸಿದೆ ಅಂತ ಈಗ ಬರೆಯುವುದಿಲ್ಲ. ಪಕ್ಕದ ಮನೆಯವರ ಸುರಂಗಕ್ಕೂ ದೀಪ ಹಾಕಲು ಒಪ್ಪಿದ್ದೇನೆ, ಅದು ಮುಗಿಯಲಿ.