ನಾರಣಪ್ಪನ ಹೆಣ ಸುಟ್ಟವರು ಯಾರು? ಜಾತಿ, ಹೆಣ್ಣು, ಊರು ಕಾಣುವ ಹಾಗೆ ಕಥೆ ಓದೋದು ಹೇಗೆ

ಯು.ಆರ್. ಅನಂತಮೂರ್ತಿಯವರ ಕಾದಂಬರಿ 'ಸಂಸ್ಕಾರ' ಓದಿದವರನ್ನು ಒಮ್ಮೆ ಕೇಳಿ ನೋಡಿ: ನಾರಣಪ್ಪನ ಹೆಣ ಸುಟ್ಟವರು ಯಾರು? ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪ ಸತ್ತಾಗ ಅವನ ಸಂಸ್ಕಾರ ಯಾರು ಮಾಡಬೇಕು ಅನ್ನುವುದೇ ಅಲ್ಲಿನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಪಂಡಿತ ಪ್ರಾಣೇಶಾಚಾರ್ಯರ ಒದ್ದಾಟ ಎಲ್ಲರಿಗೂ ನೆನಪಿರುತ್ತೆ. ಇದು ಮಾತ್ರ ಎಷ್ಟೋ ಜನಕ್ಕೆ ನೆನಪಿರಲ್ಲ. ನನಗೂ ಇರಲಿಲ್ಲ. ಎರಡನೇ ಸಲ ಓದಿದಾಗಲೇ ಗೊತ್ತಾಗಿದ್ದು. ಇಡೀ ಅಗ್ರಹಾರ ಶಾಸ್ತ್ರ ಹುಡುಕುತ್ತಾ ಹಸಿದು ಕೂತಿರುವಾಗ ನಾರಣಪ್ಪನ ಜೊತೆ ಬಾಳಿದ ಚಂದ್ರಿ ಒಬ್ಬಳೇ ಹೋಗಿ, ಅಹಮದ್ ಬ್ಯಾರಿಯ ಸಹಾಯ ಪಡೆದು, ರಾತ್ರೋರಾತ್ರಿ ದಹನ ಮುಗಿಸಿ ಕುಂದಾಪುರದ ಕಡೆ ಹೊರಟುಬಿಡುತ್ತಾಳೆ. ಕಾದಂಬರಿಯ ದೊಡ್ಡ ಪ್ರಶ್ನೆ ಯಾವುದೋ ಅದನ್ನು ಒಬ್ಬ ಸೂಳೆ ಎನಿಸಿಕೊಂಡವಳು ಮತ್ತು ಒಬ್ಬ ಮುಸ್ಲಿಂ ವ್ಯಾಪಾರಿ ಕೆಲವೇ ಪುಟಗಳಲ್ಲಿ ಮುಗಿಸಿರುತ್ತಾರೆ. ಅಗ್ರಹಾರಕ್ಕೆ ಅದು ಗೊತ್ತೇ ಆಗಲ್ಲ. ನಾನು ಅದನ್ನು ಓದಿಯೂ ಮರೆತಿದ್ದೆ.

ಯಾಕೆ ಮರೆತೆ? ಈ ಪ್ರಶ್ನೆಯಿಂದಲೇ ನಾನು ಓದುವ ರೀತಿ ಬದಲಾಯಿತು. ಆ ರೀತಿಯನ್ನು ಇಲ್ಲಿ ಹೇಳುತ್ತೇನೆ. ಇದಕ್ಕೆ ದೊಡ್ಡ ವಿಮರ್ಶೆಯ ಪುಸ್ತಕ ಬೇಡ, ಒಂದು ಪೆನ್ಸಿಲ್ ಸಾಕು.

ಮೊದಲ ಸಲ ಸುಮ್ನೆ ಕಥೆಗಾಗಿ ಓದಿ. ಜಾತಿ, ಲಿಂಗ, ಅಸ್ಮಿತೆ ಅಂತ ಏನೂ ತಲೆಯಲ್ಲಿ ಇಟ್ಟುಕೊಳ್ಳಬೇಡಿ. ಎರಡನೇ ಸಲ ಓದುವಾಗ ಮುಖ್ಯ ಪಾತ್ರವನ್ನು ಪಕ್ಕಕ್ಕಿಟ್ಟು, ಕಥೆಯಲ್ಲಿ ಬಂದು ಹೋಗುವ ಒಬ್ಬ ಸಣ್ಣ ಮನುಷ್ಯನ ಹಿಂದೆ ಹೋಗಿ. ಅವರು ಬಂದಾಗಲೆಲ್ಲ ಪುಟದ ಅಂಚಿನಲ್ಲಿ ಗುರುತು ಹಾಕಿ. ಎಲ್ಲಿ ನಿಂತಿದ್ದಾರೆ? ಜಗಲಿ ಮೇಲಾ, ಅಂಗಳದಲ್ಲಾ, ಹಿತ್ತಿಲಲ್ಲಾ? ಮಾತಾಡುತ್ತಾರಾ, ಅಥವಾ ಅವರ ಬಗ್ಗೆ ಬೇರೆಯವರು ಮಾತಾಡುತ್ತಾರಾ? ಚಂದ್ರಿಯನ್ನು ಹೀಗೆ ಹಿಂಬಾಲಿಸಿದರೆ ಇನ್ನೊಂದು ವಿಷಯವೂ ಕಣ್ಣಿಗೆ ಬೀಳುತ್ತೆ. ಅವಳು ಏನು ಯೋಚಿಸಿದಳು ಅನ್ನುವುದಕ್ಕಿಂತ ಅವಳು ಹೇಗೆ ಕಾಣುತ್ತಾಳೆ ಅನ್ನುವುದೇ ಪುಟಗಳಲ್ಲಿ ಜಾಸ್ತಿ. ಕೆಳಜಾತಿಯ ಹೆಂಗಸರು ಆ ಕಾದಂಬರಿಯಲ್ಲಿ ಹೆಚ್ಚಾಗಿ ಮೈಯಾಗಿಯೇ ಬರುತ್ತಾರೆ ಎಂಬ ಟೀಕೆ ಹಳೆಯದು, ನನ್ನ ಪ್ರಕಾರ ಸರಿಯಾದದ್ದೇ. 1965ರಲ್ಲಿ ಬಂದ ಆ ಪುಸ್ತಕ ಇವತ್ತಿಗೂ ನನಗೆ ದೊಡ್ಡದು. ಇಷ್ಟಪಡುವ ಪುಸ್ತಕದ ಕೊರತೆಯನ್ನೂ ನೋಡಬಹುದು, ನೋಡಬೇಕು.

ಆಮೇಲೆ ಹೆಸರು ಮತ್ತು ಕರೆಯುವ ರೀತಿ. ಯಾರು ಯಾರನ್ನು ಏನಂತ ಕರೆಯುತ್ತಾರೆ? ಅಯ್ಯ, ಧಣಿ, ಬುದ್ಧಿ, ಗೌಡ್ರೇ, ಏ, ಲೇ. ಎಂಟು ವರ್ಷದ ಹುಡುಗ ಅರವತ್ತರ ಮುದುಕನನ್ನು ಏಕವಚನದಲ್ಲಿ ಕರೆದರೆ ಲೇಖಕರು ಬೇರೆ ಏನೂ ವಿವರಿಸಬೇಕಾಗಿಲ್ಲ. ನಮ್ಮ ಭಾಷೆಯಲ್ಲಿ ಜಾತಿ ಮತ್ತು ಗಂಡು ಹೆಣ್ಣಿನ ಲೆಕ್ಕ ಎಲ್ಲಾ ಕ್ರಿಯಾಪದದ ತುದಿಯಲ್ಲೇ ಕೂತಿರುತ್ತೆ. ಬಂದ, ಬಂದಳು, ಬಂದರು. ಅದೇ ಮನೆಯ ಗಂಡ ಹೆಂಡತಿಯಲ್ಲಿ ಒಬ್ಬರು 'ಬಂದರು', ಇನ್ನೊಬ್ಬರು 'ಬಂದಳು' ಆಗಿದ್ದರೆ ಗುರುತು ಹಾಕಿ.

ಇದರ ಜೊತೆ ಒಂದು ಅಭ್ಯಾಸ ಮಾಡಿ. ಅಮೆರಿಕದ ಟೋನಿ ಮಾರಿಸನ್ 1983ರಲ್ಲಿ 'ರೆಸಿಟಟಿಫ್' ಅಂತ ಒಂದು ಸಣ್ಣ ಕಥೆ ಪ್ರಕಟಿಸಿದರು. ಅನಾಥಾಶ್ರಮದಂಥ ಒಂದು ಜಾಗದಲ್ಲಿ ಟ್ವೈಲಾ, ರಾಬರ್ಟಾ ಎಂಬ ಇಬ್ಬರು ಹುಡುಗಿಯರು ಒಂದೇ ಕೋಣೆಯಲ್ಲಿರುತ್ತಾರೆ. ಒಬ್ಬಳು ಕಪ್ಪು, ಒಬ್ಬಳು ಬಿಳಿ. ಯಾರು ಯಾವುದು ಅಂತ ಕೊನೆಯವರೆಗೂ ಹೇಳಲ್ಲ. ಓದುವವರು ಮಾತ್ರ ಬಟ್ಟೆ ನೋಡಿ, ಊಟ ನೋಡಿ, ತಾಯಿಯ ನಡವಳಿಕೆ ನೋಡಿ ಊಹಿಸುತ್ತಲೇ ಹೋಗುತ್ತಾರೆ. ಹಾಗೆ ಊಹಿಸುವ ನಮ್ಮ ಚಟವನ್ನೇ ಆ ಕಥೆ ನಮಗೆ ತೋರಿಸುತ್ತೆ. ನಾವೂ ಇದನ್ನೇ ಮಾಡುತ್ತೇವೆ ಅಲ್ವಾ? ಕನ್ನಡ ಕಥೆಯಲ್ಲಿ ಒಂದು ಹೆಸರು ಬಂದ ತಕ್ಷಣ ಜಾತಿ ಹುಡುಕುತ್ತೇವೆ. ಮುಂದಿನ ಸಲ ಹಾಗಾದಾಗ ನಿಲ್ಲಿಸಿ, ನಿಮ್ಮ ಊಹೆಯನ್ನು ಅಂಚಿನಲ್ಲಿ ಬರೆಯಿರಿ, ಯಾವ ಪದದಿಂದ ಹಾಗನಿಸಿತು ಅಂತಲೂ ಬರೆಯಿರಿ. ಕಥೆ ಮುಗಿದ ಮೇಲೆ ಆ ಟಿಪ್ಪಣಿಗಳನ್ನು ಒಟ್ಟಿಗೆ ಓದಿ. ನನಗೆ ನನ್ನ ಬಗ್ಗೆ ತಿಳಿದಷ್ಟು ಬೇರೆ ಯಾವುದರಿಂದಲೂ ತಿಳಿದಿಲ್ಲ.

ಊಟವನ್ನು ಬಿಡಲೇಬೇಡಿ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆಯವರೆಲ್ಲ ಒಂದು ರಾತ್ರಿ ಬೆಂಕಿ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ, ಸಿಪ್ಪೆಯನ್ನು ಅದೇ ಬೆಂಕಿಗೆ ಹಾಕುತ್ತಾರೆ. ಕಳ್ಳತನವೇ ಹೌದು, ಆದರೆ ಓದುವಾಗ ಹಬ್ಬದ ಹಾಗಿರುತ್ತೆ. ನಗು, ಜಗಳ, ಮಕ್ಕಳ ಗಲಾಟೆ. ಬೆಳಿಗ್ಗೆ ಪೊಲೀಸರು ಬರುತ್ತಾರೆ. ಇಲ್ಲಿ ಕೇಳಬೇಕಾದ ಪ್ರಶ್ನೆ 'ಬಡತನದ ಚಿತ್ರಣ ಹೇಗಿದೆ' ಅಂತಲ್ಲ. ಹೊಟ್ಟೆ ತುಂಬಾ ತಿಂದ ಒಂದೇ ಒಂದು ರಾತ್ರಿಯನ್ನು ಲೇಖಕರು ಯಾಕೆ ಅಷ್ಟು ನಿಧಾನವಾಗಿ, ಅಷ್ಟು ಪ್ರೀತಿಯಿಂದ ಬರೆದರು ಅಂತ ಕೇಳಿ. ಆ ಮನೆಯ ಗೋಡೆ ಮೇಲೆ ಪುಟ್ಟಗೌರಿ ಬಿಡಿಸುವ ನವಿಲನ್ನೂ ನೋಡಿ. ದಲಿತರ ಮನೆಯನ್ನು ಕಣ್ಣೀರಿನ ಮನೆಯಾಗಿ ಮಾತ್ರ ನೋಡಿ ಅಭ್ಯಾಸವಾದವರಿಗೆ ಆ ನವಿಲು ಬೇರೆಯೇ ಮಾತು ಹೇಳುತ್ತೆ.

ಇದನ್ನು 1933ರ 'ಚೋಮನ ದುಡಿ'ಯ ಪಕ್ಕ ಇಟ್ಟು ಓದಿ. ಚೋಮನ ಹತ್ತಿರ ಜೋಡಿ ಎತ್ತಿದೆ, ಉಳಲು ನೆಲ ಇಲ್ಲ. ಹೊಲೆಯ ಬೇಸಾಯ ಮಾಡುವುದು ಊರಿಗೆ ಒಪ್ಪಿಗೆಯಿಲ್ಲ. ಶಿವರಾಮ ಕಾರಂತರಿಗೆ ಅವನ ಮೇಲೆ ಇರುವ ಕರುಣೆ ನಿಜವಾದದ್ದು. ಆದರೆ ಅದು ಹೊರಗಿನಿಂದ ನೋಡಿದ ಕರುಣೆ. ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ' ತೆಗೆದರೆ ನೊಗಕ್ಕೆ ಹೆಗಲು ಕೊಟ್ಟ ಮನುಷ್ಯರನ್ನು ಒಬ್ಬ ಹುಡುಗ ನೋಡುತ್ತಾನೆ, ಅವರಲ್ಲಿ ಒಬ್ಬರು ಅವನ ಅಪ್ಪ. ಯಾರು ಹೇಳುತ್ತಿದ್ದಾರೆ, ಎಲ್ಲಿ ನಿಂತು ಹೇಳುತ್ತಿದ್ದಾರೆ ಅನ್ನುವುದು ಬದಲಾದರೆ ಕಥೆಯೇ ಬದಲಾಗುತ್ತೆ. ಒಬ್ಬರದು ಸರಿ, ಇನ್ನೊಬ್ಬರದು ತಪ್ಪು ಅಂತಲ್ಲ. ಎರಡನ್ನೂ ಓದಿ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲಿ ನಾಲ್ಕು ಸಾಲು ಬರೆದಿಡಿ.

ಹೆಣ್ಣಿನ ಕಥೆ ಓದುವಾಗ ನಾನು ಒಂದೇ ಪ್ರಶ್ನೆ ಹಿಡಿದು ಹೋಗುತ್ತೇನೆ: ತೀರ್ಮಾನ ಯಾರದು? ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳ ಮದುವೆಯೂ ಅಪ್ಪನ ತೀರ್ಮಾನ, ತಲಾಖೂ ಅಪ್ಪನದೇ. ಬಾನು ಮುಷ್ತಾಕ್ ಅವರ 'ಎದೆಯ ಹಣತೆ'ಯಲ್ಲಿ ಮೆಹರುನ್ ಕೈಗೂಸು ಎತ್ತಿಕೊಂಡು ತವರಿಗೆ ಬಂದರೆ ಅಣ್ಣಂದಿರು ವಾಪಸ್ ಗಂಡನ ಮನೆಗೇ ಬಿಟ್ಟು ಬರುತ್ತಾರೆ. ಕಥೆಯಲ್ಲಿ ಎಷ್ಟು ಬಾಗಿಲು ತೆರೆಯುತ್ತೆ, ಎಷ್ಟು ಮುಚ್ಚುತ್ತೆ ಅಂತ ಎಣಿಸಿ. ಕೊನೆಗೆ ಸಾಯಲು ಹೊರಟ ಅವಳನ್ನು ತಡೆದು ನಿಲ್ಲಿಸುವುದು ದೊಡ್ಡವರ್ಯಾರೂ ಅಲ್ಲ, ಮಗಳು ಸಲ್ಮಾ. ಅದೇ ಹೆಸರಿನ ಇಂಗ್ಲಿಷ್ ಅನುವಾದ ಸಂಕಲನ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ತುಂಬಾ ಜನ ಸುದ್ದಿ ಓದಿದರು. ದಯವಿಟ್ಟು ಕಥೆಗಳನ್ನೂ ಓದಿ, ಕನ್ನಡದಲ್ಲೇ.

ಒಂದು ಎಚ್ಚರಿಕೆ. ನಾದಿರಾಳನ್ನು ಓದಿ 'ಮುಸ್ಲಿಂ ಹೆಂಗಸರೆಲ್ಲ ಹೀಗೆ' ಅಂದುಬಿಟ್ಟರೆ ಓದಿದ್ದೇ ವ್ಯರ್ಥ. ಅವಳು ಕಾಸರಗೋಡಿನ ಕಡೆಯ, ಒಬ್ಬ ಹಟಮಾರಿ ಅಪ್ಪನ ಮಗಳು. ಅದೇ ವಾರ ವೈದೇಹಿಯವರ 'ಅಕ್ಕು' ಓದಿ. ಗಂಡ ಬಿಟ್ಟುಹೋದ, ಮನೆಯವರೆಲ್ಲ ಹುಚ್ಚಿ ಅನ್ನುವ ಹೆಂಗಸು ಅವಳು. ಆ ಮನೆಯಲ್ಲಿ ಧರ್ಮ ಬೇರೆ, ಬಾಗಿಲುಗಳು ಮಾತ್ರ ಅಷ್ಟೇ ಗಟ್ಟಿ.

ಭಾಷೆ ಕಷ್ಟ ಅನಿಸಿದರೆ ಜೋರಾಗಿ ಓದಿ. ವೈದೇಹಿಯವರ ಕುಂದಾಪುರ ಕನ್ನಡ ಆಗಲಿ, ದೇವನೂರರ 'ಕುಸುಮಬಾಲೆ'ಯ ನಂಜನಗೂಡು ಸೀಮೆಯ ಮಾತಾಗಲಿ ಕಣ್ಣಿಗಿಂತ ಕಿವಿಗೆ ಬೇಗ ಸಿಗುತ್ತೆ. ಅರ್ಥವಾಗದ ಪದ ಬಂದರೆ ತಕ್ಷಣ ನಿಘಂಟು ತೆಗೆಯಬೇಡಿ, ಆ ಕಡೆಯ ಗೆಳೆಯರಿಗೆ ಫೋನ್ ಮಾಡಿ ಕೇಳಿ. ಒಂದು ಪದ ಕೇಳಿದರೆ ಅವರಜ್ಜಿಯ ಒಂದು ಕಥೆಯೂ ಸಿಗುತ್ತೆ. ನೀವೇ ಆ ಕಡೆಯವರಾಗಿದ್ದರೆ, ಮನೆಯ ಮಾತನ್ನು ಅಚ್ಚಿನಲ್ಲಿ ಕಂಡಾಗ ಆಗುವ ಸಂತೋಷವನ್ನು ಸುಮ್ನೆ ಅನುಭವಿಸಿ. ಆಗ ಪೆನ್ಸಿಲ್ ಕೆಳಗಿಡಿ.

ಎಲ್ಲಿಂದ ಶುರು ಮಾಡಲಿ ಅನ್ನುವವರು 'ಒಡಲಾಳ'ದಿಂದ ಶುರು ಮಾಡಿ. ಚಿಕ್ಕ ಪುಸ್ತಕ, ಒಂದು ಭಾನುವಾರ ಸಾಕು. ಮನೆಯಲ್ಲಿ ಯಾರಾದರೂ ಇದ್ದರೆ ಕಡಲೆಕಾಯಿಯ ಆ ರಾತ್ರಿಯನ್ನು ಅವರಿಗೆ ಓದಿ ಹೇಳಿ, ಆಮೇಲೆ ಪೊಲೀಸರು ಬರುವ ಭಾಗಕ್ಕೆ ಹೋಗುವ ಮೊದಲು ಸ್ವಲ್ಪ ನಿಲ್ಲಿಸಿ, 'ಇವರು ಕಳ್ಳರಾ?' ಅಂತ ಕೇಳಿ.